ಬೀರುವಿನ ಹಿಂದಿನ ಕಿಟಕಿ

ಮಾರ್ಚ್ ೧೧, ಮಂಗಳವಾರ

ಫೋಟೋ ಸ್ಟುಡಿಯೋದ ಗೋಡೆಗೆ ಅಪ್ಪ ಕೈಯಾರೆ ಚಿತ್ರ ಬರೆದ ಪರದೆಯನ್ನು ನಾಳೆ ಎಸೆಯಬೇಕಿತ್ತು. ಬೆಳಗ್ಗೆಯಿಂದ ಅದೇ ಕೊರೆಯುತ್ತಿತ್ತು. "ಹಳೇ ತೋಟ, ಹಳೇ ಮೆಟ್ಟಿಲು. ಯಾರಿಗೆ ಬೇಕೇ ಅದು?" ಎಂದು ಅಣ್ಣ ವಾರದಿಂದ ತಲೆ ತಿನ್ನುತ್ತಿದ್ದ. ಅವನದೂ ತಪ್ಪಲ್ಲ. ಅದರ ಮುಂದೆ ಯಾರನ್ನು ಕೂರಿಸಿದರೂ ಕತ್ತರಿಸಿ ಅಂಟಿಸಿದ ಹಾಗೆ ಕಾಣುತ್ತಿದ್ದರು. ಅಪ್ಪನಿಗೆ ಚಿತ್ರ ಬರೆಯಲು ಅಷ್ಟೊಂದು ಬರುತ್ತಿರಲಿಲ್ಲ ಎಂದು ನಾನೂ ನಂಬಿಬಿಟ್ಟಿದ್ದೆ.

ಇವತ್ತು ಪಕ್ಕದಂಗಡಿಯ ಟೈಲರಮ್ಮ ಫೋಟೋಗೆಂದು ಬಂದು ಕೂತರು, ಕರೆಂಟು ಹೋಯಿತು. "ಆಮೇಲೆ ಬರ್ಲೇನಮ್ಮ?" ಅಂದರು. ಬೇಡವೆಂದು, ಎಡಗಡೆಯ ಕಿಟಕಿಗೆ ಅಡ್ಡವಿದ್ದ ಬೀರುವನ್ನು ಇಬ್ಬರೂ ಸೇರಿ ಸರಿಸಿದೆವು. ಹನ್ನೊಂದು ವರ್ಷದ ಹಿಂದೆ ಹೊಸ ಲೈಟು ತಂದು ಬಲಕ್ಕೆ ನಿಲ್ಲಿಸಿ, ಇನ್ನು ಕಿಟಕಿ ಯಾಕೆ ಎಂದು ಬೀರು ಇಟ್ಟವಳು ನಾನೇ.

ಕ್ಯಾಮೆರಾದೊಳಗೆ ನೋಡಿದವಳಿಗೆ ಕೈಯೇ ಓಡಲಿಲ್ಲ. ಲೈಟಿನಲ್ಲಿ ಎಲ್ಲರದೂ ಎಡಕ್ಕೆ ಬೀಳುತ್ತಿದ್ದ ಮೂಗಿನ ನೆರಳು ಟೈಲರಮ್ಮನ ಮುಖದಲ್ಲಿ ಬಲಕ್ಕೆ ಬಿದ್ದಿತ್ತು. ಪರದೆಯಲ್ಲಿ ಕಂಬದ ನೆರಳು ಬಲಕ್ಕೆ, ಹೂಕುಂಡದ್ದು ಬಲಕ್ಕೆ, ಉಗುರಿನಷ್ಟು ಎಲೆಯದೂ ಬಲಕ್ಕೇ. ಆಕೆ ನಿಜವಾಗಿ ಆ ತೋಟದ ಮೆಟ್ಟಿಲ ಮೇಲೆ ಕೂತಿದ್ದರು. ಅಪ್ಪ ಈ ಕಿಟಕಿಯ ಬೆಳಕನ್ನು ಎಷ್ಟು ದಿನ ನೋಡಿದ್ದನೋ! ಒಂದೊಂದು ಎಲೆಗೂ ಅದನ್ನೇ ಹಚ್ಚಿದ್ದ.

"ಸರಿಯಾಗಿ ಕೂತಿಲ್ವಾ?"

"ಅಲ್ಲಾಡ್ಬೇಡಿ, ಅಮ್ಮಾ. ತುಂಬಾ ಚೆನ್ನಾಗಿ ಕೂತಿದೀರಿ."

ಕರೆಂಟು ಬಂದ ಮೇಲೂ ಲೈಟು ಹಾಕಲು ಮನಸ್ಸಾಗಲಿಲ್ಲ. ಅಣ್ಣನಿಗೆ ಫೋಟೋ ತೋರಿಸಿದೆ. "ಇದ್ಯಾವ ತೋಟಕ್ಕೆ ಹೋಗಿದ್ರಿ?" ಎಂದು ಕೇಳಿದ!

ಕೊನೆಗಾಲದಲ್ಲಿ ಸ್ಟುಡಿಯೋಗೆ ಬಂದಾಗಲೆಲ್ಲ ಅಪ್ಪ ಆ ಬೀರುವನ್ನೇ ನೋಡುತ್ತ ಕೂರುತ್ತಿದ್ದ. ಬೀರು ಇಷ್ಟವಾಗಿದೆ ಎಂದುಕೊಂಡಿದ್ದೆ. ಕಿಟಕಿಗೆ ಅದು ಅಡ್ಡವಾಗಿದೆ ಎಂದು ಒಂದು ಮಾತು ಹೇಳಬಾರದಿತ್ತೇ, ಅಪ್ಪ, ಒಂದೇ ಒಂದು ಮಾತು?