ಭಾನುವಾರ ಆ ಕಾರು ಹತ್ತಬೇಡ

ಹೊಂಗಡಹಳ್ಳ
ಗುರುವಾರ, 14-11-2024

ಮಗಳೇ ಮಾನಸ,

ನೀನೂ ಪುಟ್ಟಿಯೂ ಚೆನ್ನಾಗಿದ್ದೀರೆಂದು ನಂಬಿದ್ದೇನೆ. ನಿನ್ನ ಅಪ್ಪ ಅಮ್ಮನನ್ನು ಕೇಳಿದೆನೆಂದು ಹೇಳು. ಸೊಸೆಯನ್ನು ಬಾಣಂತನಕ್ಕೆ ಕಳಿಸಿ ಅತ್ತೆ ಮರೆತೇಬಿಟ್ಟಳು ಅಂತ ಬೈದುಕೊಂಡಿರುತ್ತೀಯ. ಬೈಕೋ. ಕಾಫಿ ಕೊಯ್ಲು ಶುರುವಾದ ಮೇಲೆ ತಲೆ ಬಾಚಿಕೊಳ್ಳಲೂ ಪುರುಸೊತ್ತಿಲ್ಲ. ಪುಟ್ಟಿ ಬೋರಲು ಬಿದ್ದ ಫೋಟೊವನ್ನು ಅಭಿಷೇಕ್ ತೋರಿಸಿದ. ಅದನ್ನು ಕೂಲಿ ಲೈನಿನ ಹೆಂಗಸರಿಗೆಲ್ಲ ತೋರಿಸಿ ಬಂದಿದ್ದೇನೆ, ಮರೆಯದೆ ದೃಷ್ಟಿ ತೆಗಿ.

ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ನಮ್ಮಲ್ಲಿ ಸಿಗ್ನಲ್ ಸಿಗುವುದು ತೋಟದ ಸ್ಟೋರಿನ ಮೆಟ್ಟಿಲ ಮೇಲೆ ಮಾತ್ರ, ಆ ಮೆಟ್ಟಿಲು ಬಿಟ್ಟು ನಿನ್ನ ಗಂಡ ಏಳುವುದಿಲ್ಲ. ಲೈನಿನ ಮಾದಮ್ಮ ನಿಮ್ಮೂರು ಆಲೂರಿಗೆ, ಮಗಳ ಮನೆಗೆ ಹೊರಟಿದ್ದಾಳೆ, ಅವಳ ಕೈಯಲ್ಲಿ ಈ ಕಾಗದ ಕೊಟ್ಟಿದ್ದೇನೆ. ಒಬ್ಬಳೇ ಕೂತು ಓದು.

ಭಾನುವಾರ ಅವನು ಬಂದು, ನಿಮ್ಮಿಬ್ಬರನ್ನೂ ಕೂರಿಸಿಕೊಂಡು ಬಿಸಿಲೆ ಘಾಟಿ ಇಳಿದು, ಪುಟ್ಟಿಯ ಅನ್ನಪ್ರಾಶನಕ್ಕೆ ಸುಬ್ರಹ್ಮಣ್ಯಕ್ಕೆ ಹೋಗುವುದೆಂದು ಮಾತಾಗಿದೆಯಲ್ಲ. ಆ ಕಾರನ್ನು ನೀನು ಹತ್ತಬೇಡ. ಬ್ರೇಕ್ ಸರಿಯಾಗುವವರೆಗೆ ಯಾರು ಏನೇ ಹೇಳಲಿ, ಹತ್ತಲೇಬೇಡ.

ಮೊನ್ನೆ ಮಂಗಳವಾರ ಸುಬ್ರಹ್ಮಣ್ಯದಲ್ಲಿ ರೂಮು ಗೊತ್ತು ಮಾಡಿ ಬರೋಣವೆಂದು ನಾವಿಬ್ಬರೂ ಹೊರಟೆವು. ಇಳಿಜಾರು ಸಿಕ್ಕಿದ್ದೇ ತಡ, ಅವನು ಗೇರ್ ತೆಗೆದು ನ್ಯೂಟ್ರಲ್‌ಗೆ ಹಾಕಿದ. "ಯಾಕೋ?" ಅಂದೆ. "ಡೀಸೆಲ್ ಉಳೀತೈತೆ ಕಣವ್ವ. ನಮ್ ಕಡೆ ಎಲ್ಲಾರೂ ಹಿಂಗೇ ಇಳ್ಸೋದು" ಅಂದ. ನಮ್ಮ ಕಡೆಯವರ ಹಾಳು ಅಭ್ಯಾಸ ಅದು, ಸುಳ್ಳಲ್ಲ. ಮಂಡಿ ಕೈಕೊಡುವವರೆಗೂ ತೋಟದ ಜೀಪು ಓಡಿಸಿದವಳು ನಾನು. ಯಾವ ಗೇರಿನಲ್ಲಿ ಹತ್ತುತ್ತೀಯೋ ಅದೇ ಗೇರಿನಲ್ಲಿ ಇಳಿಸಬೇಕು, ಗಾಡಿಯನ್ನು ಎಂಜಿನ್ನೇ ಹಿಡಿದುಕೊಳ್ಳುತ್ತದೆ ಅಂದೆ. ನಕ್ಕುಬಿಟ್ಟ. "ಅದು ನಿನ್ ಜೀಪಿನ ಕಾಲ ಕಣವ್ವ!"

ಸ್ವಲ್ಪ ಹೊತ್ತಿಗೆ ಸುಟ್ಟ ವಾಸನೆ ಬಂತು. ತಿರುವಿನಲ್ಲಿ ಕೆಳಗಿನಿಂದ ಒಂದು ಪಿಕಪ್ ಹತ್ತುತ್ತಿತ್ತು. ಇವನು ಬ್ರೇಕ್ ಒತ್ತುತ್ತಾನೆ, ಪೆಡಲ್ ನೆಲ ಮುಟ್ಟುತ್ತದೆ, ಗಾಡಿ ಮಾತ್ರ ನಿಲ್ಲುತ್ತಿಲ್ಲ. ಅವನ ಮುಖ ಬಿಳಿಚಿಕೊಂಡಿತು. "ಗೇರ್ ಹಾಕೋ! ಸೆಕೆಂಡ್ ಹಾಕೋ!" ಅಂತ ಕಿರುಚಿದೆ. ಹೇಗೋ ಹಾಕಿದ. ಎಂಜಿನ್ ಅರಚಿತು, ಕಾರು ಪಕ್ಕದ ಮಣ್ಣಿನ ದರೆಗೆ ಉಜ್ಜಿಕೊಂಡು ಹೋಗಿ ನಿಂತಿತು. ರಸ್ತೆಯ ಇನ್ನೊಂದು ಬದಿಗೆ ಏನಿದೆಯೆಂದು ನಿನಗೆ ಗೊತ್ತಿದೆ. ಆ ಸೀಟಿನಲ್ಲಿ ನನ್ನ ಬದಲು ಪುಟ್ಟಿಯನ್ನು ಎತ್ತಿಕೊಂಡು ನೀನು ಕೂತಿದ್ದರೆ ಅಂತ ನೆನೆದೇ ಈ ಕಾಗದ ಬರೆಯಲು ಕೂತೆ.

ಚಕ್ರದಲ್ಲಿ ಹೊಗೆ ಏಳುತ್ತಿತ್ತು. ನಾನು ಬಾಟಲಿ ಹಿಡಿದು ನೀರು ಹುಯ್ಯಲು ಓಡಿದೆ, ಪುಣ್ಯಕ್ಕೆ ಪಿಕಪ್ಪಿನವನು ಬೇಡವೆಂದು ತಡೆದ. ಬ್ರೇಕ್ ಆರಿದ ಮೇಲೆ ಮೆಲ್ಲಗೆ ಮನೆಗೆ ವಾಪಸಾದೆವು. ನಿನ್ನೆ ಸಕಲೇಶಪುರದಲ್ಲಿ ಮೆಕ್ಯಾನಿಕ್ ಜಬ್ಬಾರ್ ಅವರಿಗೆ ಈ ನೀರಿನ ವಿಷಯ ಹೇಳಿದರೆ ತಲೆ ಚಚ್ಚಿಕೊಂಡರು. "ಅಯ್ಯೋ ಅಮ್ಮೋರೇ, ಕಾದ ಬ್ರೇಕ್ ಡಿಸ್ಕಿಗೆ ನೀರು ಹುಯ್ದ್ರೆ ಸೊಟ್ಟಗಾಗ್ಬುಡ್ತೈತೆ, ಬಿರುಕೂ ಬಿಡ್ತೈತೆ. ಸುಮ್ನೆ ನಿಲ್ಸಿ ಆರಕ್ ಬಿಡ್ಬೇಕು." ನೋಡು, ಇಷ್ಟು ವರ್ಷ ಓಡಿಸಿದ ನನಗೂ ಇದು ಗೊತ್ತಿರಲಿಲ್ಲ.

ಡೀಸೆಲ್ ಉಳಿಯುತ್ತದೆಂಬುದೂ ಬರೀ ಓಳಂತೆ. ಈಗಿನ ಗಾಡಿಗಳು ಗೇರಿನಲ್ಲಿದ್ದು, ಆಕ್ಸಿಲರೇಟರ್ ಮೇಲಿಂದ ಕಾಲು ತೆಗೆದು ಇಳಿಸಿದರೆ ಎಂಜಿನ್ನಿಗೆ ಡೀಸೆಲ್ ಹೋಗುವುದೇ ನಿಲ್ಲುತ್ತದಂತೆ. ನ್ಯೂಟ್ರಲ್‌ನಲ್ಲಿದ್ದರೆ ಕುಡಿಯುತ್ತಲೇ ಇರುತ್ತದೆ. ಆಮೇಲೆ ಬ್ರೇಕ್ ಆಯಿಲ್ ಡಬ್ಬಿ ಬಿಚ್ಚಿ ತೋರಿಸಿದರು, ಒಳಗೆ ಕರ್ರಗೆ ಕಷಾಯ. "ಕಮ್ಮಿ ಆಯ್ತು ಅಂತ ತುಂಬ್ಸಿ ತುಂಬ್ಸಿ ಓಡ್ಸೋದಲ್ಲ. ಯಾಕೆ ಕಮ್ಮಿ ಆಯ್ತು ಅಂತ ನೋಡ್ಬೇಕು. ಬ್ರೇಕ್ ಪ್ಯಾಡ್ ಸವೆದ್ರೂ ಇಳೀತೈತೆ, ಸೋರಿದ್ರೂ ಇಳೀತೈತೆ" ಅಂದರು. ಇವನ ಗಾಡಿಯಲ್ಲಿ ಪ್ಯಾಡ್ ಪೂರ್ತಿ ಸವೆದಿದೆ. ಹಳೇ ಆಯಿಲ್ ನೀರಿನ ಪಸೆ ಎಳೆದುಕೊಂಡು, ಬ್ರೇಕ್ ಕಾದಾಗ ಕುದಿದು, ಪೆಡಲ್ ಟೊಳ್ಳಾಗಿದೆ. ಸಾಲದ್ದಕ್ಕೆ, ಮಳೆಗೆ ಹಿಡಿತ ಚೆನ್ನಾಗಿರುತ್ತದೆಂದು ಟಯರಿನ ಗಾಳಿ ಬೇರೆ ಕಡಿಮೆ ಮಾಡಿಸಿದ್ದಾನೆ ಮಹಾರಾಯ. ಬಾಗಿಲ ಪಕ್ಕ ಅಂಟಿಸಿದ ಚೀಟಿಯಲ್ಲಿ ಎಷ್ಟಿದೆಯೋ ಅಷ್ಟು ಗಾಳಿ ಮಳೆಗಾಲಕ್ಕೂ ಇರಬೇಕಂತೆ.

ಪ್ಯಾಡ್ ಹಾಸನದಿಂದ ಬರುವುದು ಸೋಮವಾರ. ಅಭಿಷೇಕ್ ಏನಂದ ಗೊತ್ತೇ? "ಆರಿದ್ಮೇಲೆ ಬ್ರೇಕ್ ಚೆನ್ನಾಗೇ ಹಿಡೀತೈತೆ. ಭಾನ್ವಾರ ಒಂದಿನ ಹೋಗ್ ಬಂದ್ಬುಡ್ತೀನಿ, ಆಮ್ಯಾಕೆ ಹಾಕ್ಸಾನ." ಜಬ್ಬಾರ್ ಬೇಡವೆಂದರೂ ಕೇಳದೆ ಗಾಡಿ ತಂದ. ಆರಿದಾಗ ಹಿಡಿಯುತ್ತದೆ, ಯಾರು ಇಲ್ಲವೆಂದರು? ಘಾಟಿಯ ಅರ್ಧದಲ್ಲಿ ಕೈಬಿಡುತ್ತದಲ್ಲ, ಆಗೇನು ಮಾಡುವುದು? ಅನ್ನಪ್ರಾಶನಕ್ಕೆ ಇನ್ನೊಂದು ಒಳ್ಳೆ ದಿನ ಸಿಗುತ್ತದೆ ಮಗಳೇ.

ಪುಟ್ಟಿಗೆ ನನ್ನ ಮುತ್ತು ಕೊಡು. ಮುತ್ತೈದೆಯಾಗಿ ನೂರು ವರ್ಷ ಬಾಳು ಅಂತ ಹರಸುತ್ತೇನೆ. ಆದರೆ ನನ್ನ ಹರಕೆ ಬ್ರೇಕ್ ಹಿಡಿಯುವುದಿಲ್ಲವಲ್ಲ, ಅದಕ್ಕೇ ಇಷ್ಟೆಲ್ಲ ಬರೆದೆ.

ನಿನ್ನ ಅತ್ತೆ,
ಮೀನಾಕ್ಷಮ್ಮ

ಮತ್ತೆ: ಮಡಿಸಿದ ಕಾಗದ ಬಿಚ್ಚಿ ಬರೆಯುತ್ತಿದ್ದೇನೆ. ನಿನ್ನೆ ಜಬ್ಬಾರ್ ಅವರ ಅಂಗಡಿಯಲ್ಲಿ, ಗಾಡಿ ಕದಲಕೂಡದೆಂದು ನಾನು ಅಡ್ಡ ನಿಂತೆ. ಅವನು ಎಲ್ಲರೆದುರು, "ನೀವು ಸುಮ್ನಿರಿ. ನನ್ ಮಗೀನ ವಿಷ್ಯ ನಾನ್ ನೋಡ್ಕಂತೀನಿ" ಅಂದ. 'ನೀವು' ಅಂದ ಕಣೇ. ಎರಡನೆಯವಳಾಗಿ ನಾನು ಈ ಮನೆಗೆ ಬಂದಾಗ, ಅವನ ಹೆತ್ತತಾಯಿ ಹೋಗಿ ವರ್ಷ ತುಂಬಿರಲಿಲ್ಲ. ಮೊದಮೊದಲು ನೆಂಟರನ್ನು ಮಾತಾಡಿಸುವಂತೆ 'ನೀವು' ಅನ್ನುತ್ತಿದ್ದ. ಒಂದು ಸಲ ಜ್ವರದಲ್ಲಿ "ಅವ್ವ, ನೀನೆಲ್ಲೂ ಹೋಗ್ಬ್ಯಾಡ" ಅಂದ. ಅವತ್ತಿನಿಂದ ನಾನು ಅವನ ಅವ್ವ. ನಿನ್ನೆ ಮತ್ತೆ ನೆಂಟಳಾಗಿಬಿಟ್ಟೆ. ಮನೆಗೆ ಬಂದು ಬಚ್ಚಲಲ್ಲಿ ಬಾಯಿಗೆ ಸೆರಗಿಟ್ಟುಕೊಂಡು ಅತ್ತುಬಿಟ್ಟೆ.

ಕವರಿನ ತಳದಲ್ಲಿ ಗಟ್ಟಿಯಾಗಿ ಕೈಗೆ ಸಿಗುವುದು ಕಾರಿನ ಕೀ. ಸೆಕೆಂಡ್ ಹ್ಯಾಂಡ್ ಗಾಡಿ, ಕೀ ಇರುವುದು ಇದೊಂದೇ. ಪ್ಯಾಡ್ ಬಂದಿದೆಯೆಂದು ಜಬ್ಬಾರ್ ನಿನಗೇ ಫೋನ್ ಮಾಡುತ್ತಾರೆ, ಅಲ್ಲಿಯವರೆಗೆ ಯಾರಿಗೂ ಕೊಡಬೇಡ. ಗೊತ್ತಾದ ಮೇಲೆ ಅವನು ಮನೆಯನ್ನೇ ತಲೆ ಮೇಲೆ ಹೊತ್ತುಕೊಳ್ಳುತ್ತಾನೆ. ಹೊತ್ತುಕೊಳ್ಳಲಿ. ಬಾಯಿಗೆ ಬಂದಂತೆ ಬೈಯಲಿ. 'ನೀನು' ಅಂತ ಬೈದರೆ ಸಾಕು.