ಅಡುಗೆಮನೆ ಆಚೆ ದೇಶದಲ್ಲಿದೆ

ಮನೆ,
ಮಂಗಳವಾರ, ಹದಿನಾಲ್ಕನೇ ತಾರೀಖು

ಪ್ರೀತಿಯ ಪುಟ್ಟೀ,

ಹೇಗಿದ್ದೀಯಾ? ಕತ್ತಿಗೆ ಸೂಜಿ ಹಾಕಿದ ಜಾಗ ಇನ್ನೂ ನೋಯುತ್ತಿದೆಯಾ? ನುಂಗಲು ಕಷ್ಟವಾದರೆ ಮೆತ್ತಗಿನದನ್ನೇ ತಿನ್ನು. ಈ ವಾರವೇ ಕೆಲಸಕ್ಕೆ ಓಡಬೇಡ. ಕನ್ನಡಕದ ಗಾಜು ಉಜ್ಜುವವಳು ಆ ಕಾರ್ಖಾನೆಯಲ್ಲಿ ನೀನೊಬ್ಬಳೇ ಅಲ್ಲ, ನಾಲ್ಕು ದಿನ ಜನ ಮಸುಕು ಮಸುಕಾಗಿ ನೋಡಿಕೊಂಡಿದ್ದರೆ ಲೋಕವೇನೂ ಮುಳುಗುವುದಿಲ್ಲ. ಅಳಿಯಂದಿರೇ ಅಡುಗೆ ಮಾಡುತ್ತಿದ್ದಾರಂತೆ. ಮಾಡಲಿ. ಉಪ್ಪು ಹೆಚ್ಚಾದರೂ ಹೊಗಳು, ಗಂಡಸರು ಹೊಗಳಿಕೆಗೆ ಬೇಗ ಪಳಗುತ್ತಾರೆ, ನಿಮ್ಮಪ್ಪನೊಬ್ಬರನ್ನು ಬಿಟ್ಟು. ಇಲ್ಲಿ ನಾವಿಬ್ಬರೂ ಚೆನ್ನಾಗಿದ್ದೇವೆ. ಶುಕ್ರವಾರ ನಿನ್ನ ರಿಪೋರ್ಟ್ ಬಂದ ಮೇಲೆ ಊಟ ಗಂಟಲಲ್ಲಿ ಇಳಿಯುತ್ತಿದೆ, ಕಣ್ಣು ಮುಚ್ಚಿದರೆ ನಿದ್ದೆ ಬರುತ್ತಿದೆ.

ಫೋನಿರುವಾಗ ಅಮ್ಮ ಯಾಕೆ ಕಾಗದ ಬರೆಯುತ್ತಾಳೆ ಎಂದು ನಗಬೇಡ. ಮೊನ್ನೆ ನೀನೇ ಕೇಳಿದೆಯಲ್ಲ, "ಯಾಕಮ್ಮಾ, ಎರಡೇ ಮಾತಿಗೆ ಇಟ್ಟುಬಿಡ್ತೀಯಾ, ನನ್ನ ಹತ್ರ ಮಾತೇ ಇಲ್ವಾ ನಿಂಗೆ" ಅಂತ. ಮಾತು ಬೇಕಾದಷ್ಟಿದೆ ಮಗಳೇ, ಆಡುವುದಕ್ಕೆ ಜಾಗವಿಲ್ಲ. ನೀನು ಮದುವೆಯಾಗಿ ದೂರದ ದೇಶಕ್ಕೆ ಹೋದ ಮೇಲೆ ಗಡಿಯ ಹೊಳೆಯಾಚೆ, ಪಕ್ಕದ ದೇಶದವರ ಗುಡ್ಡದ ಮೇಲೆ, ಹೊಸ ಟವರ್ ಎದ್ದಿದೆ. ಅವರದು ಕಡಿಮೆ ಫ್ರೀಕ್ವೆನ್ಸಿಯ ಬ್ಯಾಂಡಂತೆ, ಗೋಡೆ ತೂರಿಕೊಂಡು ಒಳಗೆ ಬರುತ್ತದಂತೆ. ನಮ್ಮ ಕಂಪನಿಯದು ಹೆಚ್ಚಿನ ಬ್ಯಾಂಡು, ವೇಗವೇನೋ ಜಾಸ್ತಿ, ಆದರೆ ನಮ್ಮ ಮನೆಯ ದಪ್ಪ ಕಲ್ಲುಗೋಡೆ ಅದಕ್ಕೆ ಆಗಿಬರುವುದಿಲ್ಲ. ಫೋನ್ ರಿಪೇರಿ ಅಂಗಡಿಯಾಕೆ ನನಗೆ ತಿಳಿಯುವ ಹಾಗೆ ಹೇಳಿದಳು, "ನಿಮ್ಮದು ಬಾಗಿಲಲ್ಲೇ ನಿಂತು ಮಾತಾಡಿಸೋ ನೆಂಟ, ಅವರದು ಸೀದಾ ಅಡುಗೆಮನೆಗೇ ಬರೋ ನೆಂಟ, ಅಷ್ಟೇ." ಹೀಗಾಗಿ ನಮ್ಮ ಹೊರಗಿನ ಮೆಟ್ಟಿಲು ಸ್ವದೇಶ, ಅಡುಗೆಮನೆ ಪರದೇಶ. ನಾನು ದಿನಕ್ಕೆ ಹತ್ತು ಸಲ ಪಾಸ್‌ಪೋರ್ಟ್ ಇಲ್ಲದೆ ಹೋಗಿ ಬರುತ್ತೇನೆ.

ಇದು ಗೊತ್ತಿಲ್ಲದೆ ಮೊದಲ ತಿಂಗಳು ಅಡುಗೆಮನೆಯಲ್ಲೇ ಕೂತು, ಗಿರಾಕಿಯ ಪ್ಯಾಂಟಿಗೆ ಮಡಿಕೆ ಹೊಲಿಯುತ್ತಾ ನಿನ್ನ ಹತ್ತಿರ ಹರಟಿದ್ದೇ ಹರಟಿದ್ದು. ಅಷ್ಟೂ ರೋಮಿಂಗ್. ಬಿಲ್ಲನ್ನು ನಿಮ್ಮಪ್ಪ ನಿಂತುಕೊಂಡು ಓದಿದರು, ಆಮೇಲೆ ಕೂತುಕೊಂಡು ಓದಿದರು. ಆವತ್ತೇ ರೋಮಿಂಗ್ ಬಂದ್ ಮಾಡಿಸಿ, ಮುಂಬಾಗಿಲ ಚೌಕಟ್ಟಿಗೆ ಒಂದು ಮೊಳೆ ಹೊಡೆದರು. ನಾನು ಹೊಲಿದುಕೊಟ್ಟ ಚೀಲದಲ್ಲಿ ಫೋನು ಅಲ್ಲೇ ನೇತಾಡಬೇಕು, ಮಾತಾಡುವವರು ಮೆಟ್ಟಿಲ ಮೇಲೆ ನಿಲ್ಲಬೇಕು. ಬಸ್ ಡಿಪೋದಲ್ಲಿ ಟೈಮ್‌ಕೀಪರ್ ಆಗಿದ್ದವರಿಗೆ ನಿವೃತ್ತಿಯಾದ ಮೇಲೆ ಬೇರೆ ಏನು ಸಿಗಬೇಕು? ಈಗ ಮೂರು ದೇಶದ ಪ್ಲಾನ್ ದರಗಳೂ ಅವರ ಬಾಯಲ್ಲಿವೆ. ನಿಮ್ಮಲ್ಲಿ ಒಂದು ತಿಂಗಳು ಮಾತಾಡುವ ದುಡ್ಡಿಗೆ ನಮ್ಮಲ್ಲಿ ನಾಲ್ಕು ತಿಂಗಳು ಮಾತಾಡಬಹುದಂತೆ, ಹೊಳೆಯಾಚೆ ಆರು ತಿಂಗಳಂತೆ. ಕೇಳಿದವರಿಗೂ ಹೇಳುತ್ತಾರೆ, ಕೇಳದವರಿಗೆ ಇನ್ನೂ ವಿವರವಾಗಿ ಹೇಳುತ್ತಾರೆ. ಪಕ್ಕದ ಕ್ಷೌರದಂಗಡಿಯವರು ಇವರು ಬರುವುದು ಕಂಡರೆ ಕತ್ತರಿ ಹುಡುಕುವವರ ಹಾಗೆ ಬಗ್ಗುತ್ತಾರೆ.

ಮೆಟ್ಟಿಲೆಂದರೆ ಬೀದಿಯೇ ಅಲ್ಲವೇ? ನಮ್ಮ ಫೋನ್ ಹೊಡೆದುಕೊಂಡರೆ ಕ್ಷೌರದವರು ರೇಡಿಯೋ ತಗ್ಗಿಸುತ್ತಾರೆ. ಎದುರಿನ ಬೇಕರಿಯಾಕೆ ತಟ್ಟೆ ಹಿಡಿದುಕೊಂಡು ಹೊರಗೆ ಬಂದು ನಿಲ್ಲುತ್ತಾಳೆ. ಕೆಟ್ಟವರಲ್ಲ ಪಾಪ, ಆದರೆ ಅವರ ಕಿವಿ ಹಾವಿನ ಕಿವಿ. ಕತ್ತಲ್ಲಿ ಗಂಟು ಸಿಕ್ಕಿದೆ ಎಂದು ನೀನು ಅಳುತ್ತಾ ಹೇಳಿದ ದಿನ ನಾನು, "ಆಯ್ತು ಆಯ್ತು, ಹೊದ್ಕೊಂಡು ಮಲಕ್ಕೋ" ಎಂದಷ್ಟೇ ಹೇಳಿ ಇಟ್ಟೆ. ನಿನಗೆ ಎಷ್ಟು ಬೇಜಾರಾಗಿರಬೇಕು. ಸಂಜೆಗೆಲ್ಲ ಬೇಕರಿಯಾಕೆ, "ಮಗಳಿಗೇನಂತೆ" ಎಂದು ಕೇಳಿಕೊಂಡು ಬಂದಳು. ಆಮೇಲಿನ ಮೂರು ವಾರ ಇಡೀ ಬೀದಿ ನಿನ್ನ ರಿಪೋರ್ಟಿಗೆ ಕಾಯುತ್ತಿತ್ತು.

ಶುಕ್ರವಾರ ಇತ್ತ ನಡೆದದ್ದು ನಿನಗೆ ಗೊತ್ತಿಲ್ಲ. ಕರೆ ತಪ್ಪಿಹೋದೀತೆಂದು ಹೆದರಿ ನಿಮ್ಮಪ್ಪ ಬೆಳಿಗ್ಗೆಯೇ ಫೋನನ್ನು ಮೊಳೆಯಿಂದ ಇಳಿಸಿ ಅಂಗಿಯ ಜೇಬಿಗೆ ಹಾಕಿಕೊಂಡಿದ್ದಾರೆ. ನನಗೆ ಹೇಳಿಲ್ಲ. ಅಡುಗೆಮನೆಗೆ ಹೋದರೂ ಜೇಬಲ್ಲಿ, ಸ್ನಾನಕ್ಕೆ ಹೋದರೆ ಬಚ್ಚಲ ಗೂಡಲ್ಲಿ. ನಾನು ಯಾರದೋ ಕೋಟಿಗೆ ಎಡಗೈ ತೋಳನ್ನು ಬಲಕ್ಕೆ ಹೊಲಿದು, ಬಿಚ್ಚಿ, ಮತ್ತೆ ಅಲ್ಲಿಗೇ ಹೊಲಿದೆ. ಮಧ್ಯಾಹ್ನವಾದರೂ ಸದ್ದಿಲ್ಲ. ಕೊನೆಗೆ ಅವರು, "ಒಳ್ಳೇದಾಗಿದ್ರೆ ಇಷ್ಟೊತ್ತಿಗೆ ಹೇಳ್ತಿದ್ಲು" ಎಂದು ಗೋಡೆ ನೋಡಿಕೊಂಡು ಹೇಳಿದರು. ನನ್ನ ಮನಸ್ಸಿನಲ್ಲೂ ಅದೇ ಇತ್ತು, ಬಾಯಿಗೆ ಬರದ ಹಾಗೆ ಹಲ್ಲು ಕಚ್ಚಿಕೊಂಡಿದ್ದೆ. ದಾರದ ಚೂರು ಎಸೆಯಲು ಹೊರಗೆ ಹೋದವಳು ಬರೀ ಮೊಳೆ ನೋಡಿದೆ. "ರೀ, ಫೋನ್ ಎಲ್ಲಿ? ತಗೊಂಡು ಹೊರಗೆ ಬನ್ನಿ ಮೊದಲು" ಎಂದು ಕೂಗಿದೆ. ಹೊಸ್ತಿಲು ದಾಟಿ ಸ್ವಲ್ಪ ಹೊತ್ತಿಗೆ ಜೇಬು ಕುಂಯ್ ಕುಂಯ್ ಅನ್ನತೊಡಗಿತು. ನೀನು ಬೆಳಗಿನಿಂದ ಮಾಡಿದ್ದ ಕರೆಗಳ ಸುದ್ದಿ ಒಂದರ ಹಿಂದೊಂದು. ಒಂದು ದಿನವೂ ಬಸ್ಸನ್ನು ತಡವಾಗಿ ಬಿಡದಿದ್ದ ಮನುಷ್ಯ ಮಗಳ ಕರೆಯನ್ನು ಅರ್ಧ ದಿನ ಗಡಿಯಲ್ಲೇ ನಿಲ್ಲಿಸಿದ್ದರು.

ನಿನಗೆ ವಾಪಸ್ ಕರೆ ಮಾಡುವ ಅವಸರದಲ್ಲಿ ಅವರು ಸ್ಪೀಕರ್ ಒತ್ತಿಬಿಟ್ಟರು. "ಅಪ್ಪಾ, ಏನೂ ಇಲ್ವಂತೆ, ಕೆಟ್ಟ ಗಂಟಲ್ವಂತೆ" ಎಂದು ನೀನು ಹೇಳಿದ್ದು ಬೀದಿಗೆಲ್ಲ ಕೇಳಿತು. ಕ್ಷೌರದವರು ಕತ್ತಿ ಹಿಡಿದೇ ಓಡಿಬಂದರು, ಅವರ ಹಿಂದೆ ಒಂದೇ ಕೆನ್ನೆ ಬೋಳಿಸಿಕೊಂಡಿದ್ದ ಗಿರಾಕಿಯೂ ಬಂದ. ಬೇಕರಿಯಾಕೆ ತಟ್ಟೆಯನ್ನು ನೆಲದ ಮೇಲಿಟ್ಟು ಸೆರಗಿಗೆ ಕಣ್ಣೊರೆಸಿಕೊಂಡಳು. ನೀನು "ಅಪ್ಪ ಎಲ್ಲಿ, ಮಾತೇ ಆಡ್ತಿಲ್ಲ" ಎಂದಾಗ ನಾನು ನೀರು ಕುಡಿಯಲು ಹೋಗಿದ್ದಾರೆ ಎಂದೆನಲ್ಲ, ಎಲ್ಲಿಗೂ ಹೋಗಿರಲಿಲ್ಲ. ಮೆಟ್ಟಿಲ ಮೇಲೆ ಕೂತು ಮಗುವಿನ ಹಾಗೆ ಅಳುತ್ತಿದ್ದರು. ಆಮೇಲೆ ಬ್ಯಾಟರಿ ಮುಗಿಯುವವರೆಗೆ ನಿನ್ನ ಜೊತೆ ಮಾತಾಡಿದರು, ಒಂದು ಸಲವೂ ಗಡಿಯಾರ ನೋಡಲಿಲ್ಲ. ಅವರ ಜೊತೆ ಇಷ್ಟು ವರ್ಷ ಬಾಳಿದ್ದಕ್ಕೆ ಆವತ್ತು ನನಗೆ ತುಂಬಾ ಸಂತೋಷವಾಯಿತು. ಈಗ ಮತ್ತೆ ಫೋನು ಮೊಳೆಗೆ ಬಂದಿದೆ, ಅವರು ಅದರ ಕೆಳಗೆ ಕುರ್ಚಿ ಹಾಕಿಕೊಂಡಿದ್ದಾರೆ.

ಅಳಿಯಂದಿರಿಗೆ ನನ್ನ ಆಶೀರ್ವಾದ ತಿಳಿಸು. ಬೀದಿಯವರೆಲ್ಲ ನಿನ್ನನ್ನು ಕೇಳಿದರೆಂದು ಬರೆಯಲು ಹೇಳಿದ್ದಾರೆ. ಹೊಟ್ಟೆ ತುಂಬ ಉಣ್ಣು, ಕಣ್ಣು ತುಂಬ ನಿದ್ದೆ ಮಾಡು, ತಣ್ಣಗಿರು ತಾಯಿ.

ನಿನ್ನ
ಅಮ್ಮ

ಮರೆತ ಮಾತು: ನಿಮ್ಮಪ್ಪ ಅಂಚೆಚೀಟಿ ತರಲು ಹೋಗಿದ್ದಾರೆ, ಅವರು ಬರುವುದರೊಳಗೆ ಬರೆದು ಅಂಟಿಸಬೇಕು. ಕಾಗದದ ಬೆನ್ನಿಗೆ ಒಂದು ನಂಬರ್ ಇದೆ, ಹೊಳೆಯಾಚೆಯ ಕಂಪನಿಯದು. ನೀನು ಕಳಿಸಿದ್ದ ಫೋನಿಗೆ ನಮ್ಮ ಕಂಪನಿಯ ಬ್ಯಾಂಡ್ ಇಲ್ಲವೆಂದು ಮೂಲೆಗೆ ಹಾಕಿದ್ದೆವಲ್ಲ, ಆಚೆಯವರದನ್ನು ಅದು ಚೆನ್ನಾಗಿ ಹಿಡಿಯುತ್ತದೆ. ರಿಪೇರಿಯಾಕೆ ಸಿಮ್ ಹಾಕಿಕೊಟ್ಟಳು, ಹಿಟ್ಟಿನ ಡಬ್ಬಿಯ ಹಿಂದೆ ಇಟ್ಟಿದ್ದೇನೆ. ಗಂಟು ಎಲ್ಲಿ ಸಿಕ್ಕಿತೆಂದು ನೀನು ಹೇಳಿದ ದಿನ ನಾನೂ ನನ್ನ ಕತ್ತು ಮುಟ್ಟಿ ನೋಡಿಕೊಂಡೆ. ನನಗೂ ಇತ್ತು. ಗುಂಡಿ ತರುತ್ತೇನೆಂದು ಹೇಳಿ ಆಸ್ಪತ್ರೆಗೆ ಹೋಗಿ ಬಂದೆ, ನನಗೂ ಸೂಜಿ ಹಾಕಿದರು. ನಿನಗೆ ನಿನ್ನದೇ ಸಾಕಾಗಿತ್ತು, ನಿಮ್ಮಪ್ಪನಿಗೂ ನಿನ್ನದೇ ಸಾಕಾಗಿತ್ತು, ಅದಕ್ಕೆ ಹೇಳಲಿಲ್ಲ. ನಿನ್ನೆ ಡಾಕ್ಟರು ಈ ನಂಬರಿಗೆ ಫೋನ್ ಮಾಡಿದ್ದರು. ನನ್ನದೂ ಕೆಟ್ಟದ್ದಲ್ಲವಂತೆ, ಹೆದರಬೇಡ. ನಿನ್ನ ಸುದ್ದಿ ಬಂದಾಗ ಮೆಟ್ಟಿಲ ತುಂಬ ಜನ ಇದ್ದರು, ನನ್ನದು ಬಂದಾಗ ಅಡುಗೆಮನೆಯಲ್ಲಿ ನಾನೊಬ್ಬಳೇ ಇದ್ದೆ. ಮಧ್ಯಾಹ್ನ ನಿಮ್ಮಪ್ಪ ಮಲಗಿರುವಾಗ ಈ ನಂಬರಿಗೆ ಕರೆ ಮಾಡು ಮಗಳೇ, ನಿನ್ನ ಹತ್ತಿರ ಸ್ವಲ್ಪ ಹೊತ್ತು ಅಳಬೇಕು.