ಹೊಂದಲಿಲ್ಲ ಅಂದಿದ್ದರು

ಮಾರ್ಚ್ 3, ಬೆಳಗ್ಗೆ 8.10

ಮಾತ್ರೆ ಆಯ್ತು. ಅಲಾರಂ ಬಡಿಯೋ ಹೊತ್ತಿಗೆ ಇವರು ಎದುರಿಗೆ — ಒಂದು ಕೈಲಿ ಮಾತ್ರೆ, ಇನ್ನೊಂದರಲ್ಲಿ ನೀರು. ಅಕ್ಕನ ಕಿಡ್ನಿ ನನ್ನೊಳಗೆ ಬಂದು ಹನ್ನೊಂದು ತಿಂಗಳು. ಒಂದು ಹೊತ್ತೂ ತಪ್ಪಿಸಿಲ್ಲ. ಗಂಡ ಅಂದ್ರೆ ಹೀಗಿರಬೇಕು ಅಂತ ಬೀದಿಯೆಲ್ಲ ಹೆಸರು. "ನನ್ನ ಕಿಡ್ನಿಯಂತೂ ಹೊಂದಲಿಲ್ಲ, ಇಷ್ಟಾದ್ರೂ ಮಾಡ್ತೀನಿ" ಅಂತಾರೆ.

ಕನ್ನಡಿ ನೋಡಬಾರದಿತ್ತು. ಸ್ಟೀರಾಯ್ಡಿಗೆ ಮುಖ ಕುಂಬಳಕಾಯಿ.

ಮಾರ್ಚ್ 9, ಸಂಜೆ

ಆಸ್ಪತ್ರೆ. ರಕ್ತ ಕೊಟ್ಟಾದ ಮೇಲೆ ಈ ಸಲ ಕೌನ್ಸೆಲರ್ ಹತ್ರ ಕಳಿಸಿದ್ರು. ಹೊಸಬಳು. ಫಾರಂ ಕೊಟ್ಟಳು — ಜೀವನದಲ್ಲಿ ತೃಪ್ತಿ, ಹತ್ತಕ್ಕೆ ಎಷ್ಟು? ಎಂಟು ಅಂತ ಬರೆದೆ. ಬರೆದು ಯಾಕೋ ಅಳು ಬಂತು. ಅಕ್ಕನ ವಿಷಯ ಹೇಳಿದೆ. ಪಿ.ಟಿ. ಟೀಚರ್ ಅವಳು. ಮೊದಲು ಮಕ್ಕಳ ಜೊತೆ ತಾನೂ ಓಡ್ತಿದ್ಲು, ಈಗ ಕುರ್ಚಿ ಹಾಕ್ಕೊಂಡು ವಿಸಲ್ ಊದ್ತಾಳೆ. ಅವಳನ್ನ ತಿಂದು ಬದುಕಿದ್ದೀನಿ ಅನ್ಸುತ್ತೆ, ಬೇರೆ ದಾರಿ ಇರಲಿಲ್ಲ, ಇವರದ್ದು ಹೊಂದಲಿಲ್ಲ ಅಂದೆ.

ಫೈಲ್ ತಿರುವಿದಳು. "ಹೊಂದಲಿಲ್ಲ ಅಂತ ಇಲ್ವಲ್ಲ ಮೇಡಂ, ಇಲ್ಲಿ ಅವರೇ..." ಅಷ್ಟಕ್ಕೇ ನಿಂತಳು. ಫೈಲ್ ಮುಚ್ಚಿದಳು. ಕಿವಿವರೆಗೂ ಕೆಂಪಾದಳು.

ಹೊರಗೆ ಬೆಂಚಲ್ಲಿ ಇವರು ಕಾಯ್ತಿದ್ರು, ನನ್ನ ಸ್ವೆಟರ್ ತೊಡೆ ಮೇಲಿಟ್ಟುಕೊಂಡು. ಇಸ್ಕೊಂಡು ಹಾಕ್ಕೊಂಡೆ.

ಮಾರ್ಚ್ 10

ಹೊಲಿಗೆ ಅಂಗಡೀಲಿ ಸ್ಕೂಲ್ ಯೂನಿಫಾರಂ ಕಟಿಂಗ್. ಎಡ-ಬಲ ಎರಡೂ ಬರೋ ಹಾಗೆ ಬಟ್ಟೆ ಜೋಡಿ ಮಾಡಿ ಹಾಸೋದು ಮರೆತೆ — ನಲವತ್ತು ತೋಳು, ನಲವತ್ತೂ ಎಡಗೈದೇ. ಹದಿನಾರು ವರ್ಷದಲ್ಲಿ ಮೊದಲ ಸಲ. ಓನರ್ ಬೈಯಲಿಲ್ಲ. ಬೈದಿದ್ರೇ ಚೆನ್ನಾಗಿತ್ತು. ಗುಂಡಿಯಮ್ಮ ಮಾತ್ರ — ಗುಂಡಿ ಹಚ್ಚಿ ಹಚ್ಚಿ ಅದೇ ಹೆಸರಾಗಿದೆ — "ಬುದ್ಧಿ ಮನೇಲೇ ಬಿಟ್ಟು ಬಂದ್ಯೇನೇ?" ಅಂದ್ಲು.

ಮಾರ್ಚ್ 12, ಬೆಳಗ್ಗೆ 8.40

ಕೇಳಿಬಿಟ್ಟೆ. ಮಾತ್ರೆ ಚಾಚಿದ ಕೈ ಹಾಗೇ ಇತ್ತು.

"ನಿಮ್ಮದು ಹೊಂದಿತ್ತಾ?"

"ಯಾರು ಹೇಳಿದ್ರು?"

ಇಲ್ಲ ಅನ್ನಲಿಲ್ಲ. ನೀರಿನ ಲೋಟ ಕೆಳಗಿಟ್ಟು, "ಭಯ ಆಯ್ತು ಕಣೇ. ಒಬ್ಬನೇ ಹೋಗಿ ಡಾಕ್ಟ್ರಿಗೆ ಕೊಡೋಕಾಗಲ್ಲ ಅಂದೆ. ಮನೇಲಿ ಹೊಂದಲಿಲ್ಲ ಅಂತ ಹೇಳ್ಕೊತೀನಿ ಅಂದೆ."

ಭಯ ಸರಿ. ನನಗಿರಲಿಲ್ವಾ? ಬಾಯಿಬಿಟ್ಟು ಹೇಳಿದ್ರೆ ನಾನೇ ಬೇಡ ಅಂತಿದ್ದೆ. ಆದ್ರೆ ಆವತ್ತು ಡಯಾಲಿಸಿಸ್ ಮುಗಿಸಿ ಮಲಗಿದ್ದೆ, ಮಂಚದ ಅಂಚಲ್ಲಿ ಕೂತು ಅತ್ತರು — "ನಿನ್ನ ಪಾಲಿಗೆ ನಾನು ಇದ್ದೂ ಇಲ್ಲ" ಅಂತ. ಸೂಜಿ ಚುಚ್ಚಿದ ಕೈಯಲ್ಲೇ ಅವರ ಕಣ್ಣು ಒರೆಸಿದೆ. "ಬಿಡ್ರೀ, ನಿಮ್ಮ ತಪ್ಪೇನಿದೆ" ಅಂದೆ. ನಾನು ಅಂದೆ.

ಮಾತ್ರೆ ಕಿತ್ಕೊಂಡು ನುಂಗಿದೆ. ನೀರು ನಾನೇ ಬಗ್ಗಿಸ್ಕೊಂಡೆ.

ಮಾರ್ಚ್ 20

ಅಕ್ಕನ ಮನೆ. ಕೇಳಿದ್ರೆ ಕುಸೀತಾಳೆ ಅಂತ ಎಂಟು ದಿನ ಹೊಟ್ಟೇಲೇ ಇಟ್ಕೊಂಡಿದ್ದೆ. ಇವತ್ತು ಹೇಳಿಬಿಟ್ಟೆ. ಬಟ್ಟೆ ಮಡಚ್ತಾ ಮಡಚ್ತಾ ಅಂದಳು, "ಗೊತ್ತು."

ಇವರೇ ಹೋಗಿ ಹೇಳಿದ್ದಂತೆ. ಆಮೇಲೇ ಅಕ್ಕ ಟೆಸ್ಟಿಗೆ ಹೋದದ್ದು.

"ಮತ್ತೆ ದೇವರಂಥ ಗಂಡ ಅಂತ ನನ್ನೆದುರಿಗೇ ಹೇಳ್ತಿದ್ಯಲ್ಲೇ?"

"ಹೊತ್ತುಹೊತ್ತಿಗೆ ಮಾತ್ರೆ ಕೊಡೋಕೆ ಒಬ್ಬರು ಬೇಕಿತ್ತಲ್ಲ ನಿಂಗೆ. ನಿಜ ಹೇಳಿದ್ರೆ ನೀನು ಅವರನ್ನೂ ಬಿಡ್ತಿದ್ದೆ, ನಂದೂ ಬೇಡ ಅಂತಿದ್ದೆ. ನಿನ್ನ ಹಠ ನಂಗೊತ್ತಿಲ್ವಾ?"

ಎಲ್ಲರಿಗೂ ಎಲ್ಲಾ ಗೊತ್ತು. ಕಿಡ್ನಿ ಹಾಕಿಸ್ಕೊಂಡವಳಿಗೆ ಮಾತ್ರ ಗೊತ್ತಿಲ್ಲ. ಚಪ್ಪಲಿ ಮೆಟ್ಟಿ ಹೊರಟೆ. ಇವಳ ಮೇಲೆ ಮುನಿಸಿಕೊಂಡು ದೂರ ಅಂತ ಎಲ್ಲಿಗೆ ಹೋಗೋದು... ಜೊತೆಗೇ ಬರ್ತಾಳೆ.

ಏಪ್ರಿಲ್ 6, ಮಧ್ಯಾಹ್ನ 2

ಇವರನ್ನ ಬಿಟ್ಟು ಹದಿನೈದು ದಿನದಿಂದ ಗುಂಡಿಯಮ್ಮನ ಮನೇಲಿ. ಅವಳ ಗೊರಕೆ ನನಗೆ, ನನ್ನ ಅಲಾರಂ ಅವಳಿಗೆ ಅಭ್ಯಾಸ ಆಗಿದೆ. ರಿಪೋರ್ಟ್ ಚೆನ್ನಾಗಿದೆ. ಕಿಡ್ನಿಗೆ ಇದ್ಯಾವುದೂ ಗೊತ್ತಿಲ್ಲ, ಅದರ ಪಾಡಿಗೆ ಅದು.

ಊಟದ ಹೊತ್ತಿಗೆ ಇವರು ಕೆಲಸದ ಹತ್ರ ಬಂದ್ರು. ಗಡ್ಡ ಬಿಟ್ಟಿದ್ದಾರೆ.

"ಹೆದರಿದ್ದನ್ನ ಕ್ಷಮಿಸೋಕಾಗಲ್ವಾ?"

"ಹೆದರಿದ್ದನ್ನ ಆವತ್ತೇ ಕ್ಷಮಿಸಿದೆ. ನನ್ನ ಕೈಲೇ ಸಮಾಧಾನ ಮಾಡಿಸ್ಕೊಂಡ್ರಲ್ಲ..."

ಅಕ್ಕನಿಗೆ ಎರಡು ದಿನದಿಂದ ಜ್ವರ ಅಂತ ಹೇಳಿ ಮೆಟ್ಟಿಲಿಳಿದು ಹೋದ್ರು. ತಡೀಲಿಲ್ಲ.

ಅವಳು ನಂಗೆ ಫೋನ್ ಮಾಡಿಲ್ಲ. ಸೋಂಕು ತಗಲೀತು ಅಂತ ಜ್ವರದವರ ಹತ್ರ ನಾನು ಸುಳಿಯೋ ಹಾಗೂ ಇಲ್ಲ. ಸಂಜೆ ಮಾಸ್ಕ್ ಹಾಕ್ಕೊಂಡು ಬಾಗಿಲಲ್ಲೇ ನಿಲ್ತೀನಿ. ಸಿಟ್ಟು ಹಾಗೇ ಇದೆ ಅಂತ ಮೊದಲು ಹೇಳಿ, ಆಮೇಲೆ ಗಂಜಿ ಕುಡಿದ್ಯಾ ಅಂತ ಕೇಳ್ತೀನಿ.